ನಾಲ್ಕು ಬಟ್ಟಲು, ನಾಲ್ಕು ಚೀಟಿ

ನಲ್ಲಿ ಕೆಮ್ಮಿದರೆ ಬೆಳಗಾಯಿತು ಎಂದು ತಿಳಿಯುತ್ತಿದ್ದ ದಿನಗಳವು. ಮೊದಲು ಒಣ ಕೆಮ್ಮು, ಆಮೇಲೆ ಒಂದಿಷ್ಟು ಗಾಳಿ, ಆಮೇಲೆ ಕೆಂಪು ನೀರು, ಕೊನೆಗೆ ತಿಳಿನೀರು. ರಾಯಚೂರಿನ ನಮ್ಮ ಓಣಿಯಲ್ಲಿ ಗಡಿಯಾರ ನೋಡಿ ಏಳುವವರು ಯಾರೂ ಇರಲಿಲ್ಲ. ಆ ಕೆಮ್ಮಿಗೇ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಬೇಸಿಗೆ ರಜೆಯ ಆ ಬೆಳಿಗ್ಗೆಯೂ ಹಾಗೆಯೇ ಆಯಿತು. ಅವ್ವ ಕೊಡಗಳನ್ನು ತುಂಬಿಸಿ, ಅಂಗಳಕ್ಕೆ ನೀರು ಹೊಡೆದು, ಒದ್ದೆ ಫರ್ಸಿ ಕಲ್ಲಿನ ಮೇಲೆ ಚಿಕ್ಕದೊಂದು ರಂಗೋಲಿ ಬಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಜೋಳದ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ನಾನು ಹೊರಗಿನ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡೇ ಮಲಗಿ ಅದನ್ನು ಕೇಳುತ್ತಿದ್ದೆ. ರಾತ್ರಿಯ ಗಾಳಿಗೆ ಉದುರಿದ ಬೇವಿನ ಹೂವು ನನ್ನ ಹೊದಿಕೆಯ ಮೇಲೆ, ಕೂದಲಲ್ಲಿ, ದಿಂಬಿನ ಕೆಳಗೆ ಎಲ್ಲೆಲ್ಲೂ ಇತ್ತು. ಆ ಹೂವಿಗೆ ಕಹಿ ವಾಸನೆ ಇರಬೇಕು ಎಂದುಕೊಳ್ಳುತ್ತೇವೆ. ಇಲ್ಲ, ಅದಕ್ಕೆ ಜೇನಿನ ವಾಸನೆ.

ಆ ಬೇಸಿಗೆ ಆ ಜೇನಿನ ವಾಸನೆಯ ಜೊತೆಗೆ ಸೀಮೆಎಣ್ಣೆಯ ವಾಸನೆಯೂ ಸೇರಿತ್ತು. ನಮ್ಮ ಬೇವಿನ ಮರದ ಕೆಳಗೆ, ಎರಡು ಕಲ್ಲುಗಳ ಮೇಲಿಟ್ಟ ದಪ್ಪ ಹಲಗೆಯ ಮೇಲೆ, ಒಂದು ಕಾರಿನ ಇಂಜಿನ್ ತಲೆಕೆಳಗಾಗಿ ಮಲಗಿತ್ತು.

ಕಾರು ಅಪ್ಪನದು. ದುಂಡು ಬೆನ್ನಿನ ಬಿಳಿ ಡೀಸೆಲ್ ಗಾಡಿ. ದೇವದುರ್ಗ, ಮಾನ್ವಿ, ಕುರ್ಡಿ ಎಂದು ಅಪ್ಪ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಮದುವೆ ಕಾಲದಲ್ಲಿ ಅದರ ಮೂತಿಗೆ ಚೆಂಡುಹೂವಿನ ಮಾಲೆ ಬೀಳುತ್ತಿತ್ತು. ಆ ವರ್ಷ ಶಿವರಾತ್ರಿ ಕಳೆದ ಮೇಲೆ ಅದರ ಹೊಟ್ಟೆಯಲ್ಲಿ ಒಂದು ಸದ್ದು ಹುಟ್ಟಿಕೊಂಡಿತು. ಊರು ದಾಟಿ ವೇಗ ಏರಿದರೆ ಸಾಕು, ಒಳಗಿಂದ ಯಾರೋ ಬಾಗಿಲು ಬಡಿದಂತೆ ಟಕ್, ಟಕ್, ಟಕ್. ಸ್ಟೇಷನ್ ರಸ್ತೆಯ ಹೊಸ ಗ್ಯಾರೇಜಿನವರು ಬೇರೆ ಇಂಜಿನ್ನನ್ನೇ ಕೂರಿಸಬೇಕು ಎಂದರು. ಅದು ನಮ್ಮಿಂದ ಆಗುವ ಮಾತಾಗಿರಲಿಲ್ಲ. ಆಗ ಅಪ್ಪ ಹಳೆಯ ಮಿಸ್ತ್ರಿ ಖಾದರ್ ಉಸ್ತಾದರನ್ನು ಕರೆದುಕೊಂಡು ಬಂದ.

ಉಸ್ತಾದರಿಗೆ ಅಷ್ಟು ಹೊತ್ತಿಗೆ ಅರವತ್ತು ದಾಟಿರಬೇಕು. ಬಿಳಿ ಗಡ್ಡ, ಕಪ್ಪು ಉಗುರು, ಕಿವಿಗೆ ದಾರ ಕಟ್ಟಿದ ಕನ್ನಡಕ. ಇಂಜಿನ್ ಚಾಲೂ ಮಾಡಿಸಿ, ಬೋಲ್ಟು ಬಿಚ್ಚುವ ಉದ್ದದ ಪಾನಾದ ಒಂದು ತುದಿಯನ್ನು ಅದಕ್ಕೂ ಇನ್ನೊಂದು ತುದಿಯನ್ನು ಕಿವಿಗೂ ಹಚ್ಚಿ ಡಾಕ್ಟರರಂತೆ ಕೇಳಿದರು.

"ಮ್ಯಾಲಿನ ಅರ್ಧ ಗಟ್ಟಿ ಅದರೀ ಭೀಮಣ್ಣ. ಕೆಳಗಿನ ಅರ್ಧ ಸವದದ. ಅಷ್ಟೇ ಬಿಚ್ಚಿ ಕಟ್ಟೋಣು. ಹೊಸಾದಂದ್ರ ಬೇರಿಂಗ್ ಒಂದೇ ತರೋಣು, ಅದರಾಗ ಕಂಜೂಸಿ ಬ್ಯಾಡ. ಉಳಿದದ್ದೆಲ್ಲಾ ಇದ್ದದ್ದರಾಗ ನಡಸ್ತೀನಿ."

"ಮದುವಿ ಬಾಡಿಗಿ ಹಿಡದೀನಿ ಉಸ್ತಾದ್, ದೇವದುರ್ಗದಿಂದ ಮಾನ್ವಿಗೆ. ಅಷ್ಟರಾಗ ಆಗಬೇಕ್ರಿ."

"ಆಗ್ತದ. ನನಗೂ ಆಗಬೇಕಾಗ್ಯದ." ಉಸ್ತಾದರು ಪಾನಾ ಒರೆಸುತ್ತ ತಗ್ಗಿದ ದನಿಯಲ್ಲಿ ಹೇಳಿದರು, "ಮುದುಕನ ಕಣ್ಣು ಹೋಗ್ಯಾವ ಅಂತ ಸ್ಟ್ಯಾಂಡಿನಾಗ ಡ್ರೈವರ್ ಮಂದಿ ಅನ್ನಾಕತ್ತಾರ. ನಾಕು ತಿಂಗಳಾತು, ಒಂದು ದೊಡ್ಡ ಕೆಲಸ ಬಂದಿಲ್ಲ. ಈ ಗಾಡಿ ಓಡಿತಂದ್ರ ಅವರ ಬಾಯಿ ಮುಚ್ಚತದ."

ಹತ್ತು ವರ್ಷದ ನನಗೆ ಈ ಮಾತಿನ ತೂಕ ತಿಳಿಯಲಿಲ್ಲ. ಆದರೆ ಮಾತು ಮಾತ್ರ ಹಾಗೆಯೇ ಉಳಿದುಬಿಟ್ಟಿದೆ, ಯಾಕೆಂದರೆ ಅದನ್ನು ಹೇಳುವಾಗ ಅವರು ಅಪ್ಪನ ಮುಖ ನೋಡದೆ, ಒರೆಸುವ ಬಟ್ಟೆಯನ್ನು ನೋಡುತ್ತಿದ್ದರು.

ಕೆಲಸ ದಿನವೂ ಬಿಸಿಲೇರುವವರೆಗೆ ನಡೆಯುತ್ತಿತ್ತು. ಹನ್ನೊಂದಕ್ಕೆ ಫರ್ಸಿ ಕಾದು ಬರಿಗಾಲಿಡಲು ಆಗುತ್ತಿರಲಿಲ್ಲ. ಅಷ್ಟರಲ್ಲಿ ಅವ್ವ ಒಗ್ಗರಣೆ ಹಾಕಿದ ಮಂಡಾಳು, ಅಂದರೆ ಮಂಡಕ್ಕಿ, ಮೇಲೊಂದು ಮಿರ್ಚಿ ಭಜಿ ಇಟ್ಟು ಕಳಿಸುತ್ತಿದ್ದಳು. ಉಸ್ತಾದರು ಮಿರ್ಚಿಯ ತೊಟ್ಟು ಹಿಡಿದು ನನಗೆ ತೋರಿಸಿ, "ಇದಕ್ಕ ಡೀಸೆಲ್ ಬ್ಯಾಡ ನೋಡು ಬೇಟಿ, ತಾನ ಓಡ್ತದ" ಎನ್ನುತ್ತಿದ್ದರು. ಅವರ ಎಣ್ಣೆಗೈ ತಟ್ಟೆಗೆ ತಾಗಬಾರದೆಂದು ಅವ್ವ ಮುತ್ತುಗದ ಎಲೆಯಲ್ಲಿ ಕೊಡುತ್ತಿದ್ದಳು. ಹಾಗೆಂದು ಹೇಳುತ್ತಿದ್ದಳು. ಈಗ ಯೋಚಿಸಿದರೆ ಕಾರಣ ಅದೊಂದೇ ಆಗಿರಲಿಲ್ಲವೇನೋ. ಉಸ್ತಾದರು ಎಲೆಯನ್ನು ಅಚ್ಚುಕಟ್ಟಾಗಿ ಮಡಚಿ ಓಣಿಯ ಆಡಿಗೆ ಹಾಕಿ ಬರುತ್ತಿದ್ದರು.

ಇಂಜಿನ್ನಿನ ಕೆಳಹೊಟ್ಟೆಯಲ್ಲಿ ಇರುವುದು ಕ್ರ್ಯಾಂಕು. ಅಂಕುಡೊಂಕಾದ ಒಂದು ಕಬ್ಬಿಣದ ಬೆನ್ನೆಲುಬು. ನಮ್ಮದರಲ್ಲಿ ಗೀರು ಬಿದ್ದಿತ್ತು. ದೇವದುರ್ಗದಲ್ಲಿ ಯಾರದೋ ಹತ್ತಿಯ ಶೆಡ್ಡಿನ ಹಿಂದೆ ಇಂಥದೇ ಒಂದು ಕಾರು ಸತ್ತು ಬಿದ್ದಿದೆ, ಅದರ ಕ್ರ್ಯಾಂಕು ಚೆನ್ನಾಗಿದೆ ಎಂದು ಉಸ್ತಾದರೇ ಹುಡುಕಿ ಹೇಳಿದರು. ಅಪ್ಪ ನನ್ನನ್ನೂ ಕರೆದುಕೊಂಡು ಹೋದ. ಬರುವಾಗ ಅದನ್ನು ಅವ್ವನ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ, ಬಸ್ಸಿನ ಸೀಟಿನ ಮೇಲೆ ನಮ್ಮಿಬ್ಬರ ನಡುವೆ ಮಲಗಿಸಿದೆವು.

"ಏನದು, ಕೂಸೇನು?" ಎಂದ ಕಂಡಕ್ಟರ್.

"ಕ್ರ್ಯಾಂಕ್ರಿ."

"ಮಕ್ಕೊಂಡದಲ್ಲ, ಹಂಗಾರ ಅರ್ಧ ಟಿಕೆಟ್ ತಗೋರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಕಿಟಕಿಯಿಂದ ಬಿಸಿಗಾಳಿ ಬರುತ್ತಿತ್ತು. ಸೀರೆಯೊಳಗಿನ ಕಬ್ಬಿಣ ಮಾತ್ರ ತಂಪಾಗಿತ್ತು. ನಾನು ಅದರ ಮೇಲೆ ಕೆನ್ನೆಯಿಟ್ಟು ರಾಯಚೂರಿನವರೆಗೆ ನಿದ್ದೆ ಮಾಡಿದೆ.

ಉಸ್ತಾದರಿಗೆ ನನ್ನ ಬೆರಳುಗಳು ಉಪಯೋಗಕ್ಕೆ ಬಂದವು. ಕ್ರ್ಯಾಂಕಿನ ಮೈಯಲ್ಲಿ ಎಣ್ಣೆ ಹರಿಯುವ ಸಣ್ಣ ತೂತುಗಳಿರುತ್ತವೆ. ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ ಅವುಗಳಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ನೂಲು ಪೋಣಿಸಿ ಎಳೆಯಬೇಕಿತ್ತು. ಮೊದಲು ಕರಿ ನೂಲು ಬರುತ್ತಿತ್ತು, ಆಮೇಲೆ ಕಂದು, ಕೊನೆಗೆ ಹಾಕಿದ ಹಾಗೇ ಬಿಳಿ. ಬಿಳಿ ಬಂದಾಗ ಉಸ್ತಾದರು "ಸುಭಾನಲ್ಲಾ" ಎನ್ನುತ್ತಿದ್ದರು. ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರುಗಳು ನನ್ನ ಹೊಲಿಗೆಗೆ ಕೊಟ್ಟ 'ಗುಡ್'ಗಿಂತ ಅದು ನನಗೆ ದೊಡ್ಡದಾಗಿ ಕಾಣುತ್ತಿತ್ತು.

ಇನ್ನು ಕ್ಯಾಪುಗಳು. ಇಂಜಿನ್ನಿಂದ ನಾಲ್ಕು ರಾಡುಗಳು ಮೇಲಕ್ಕೆ ಚಾಚಿರುತ್ತವೆ, ಒಂದೊಂದು ರಾಡೂ ಕ್ರ್ಯಾಂಕನ್ನು ಅಪ್ಪಿಕೊಳ್ಳಲು ಅರ್ಧಚಂದ್ರದಂಥ ಒಂದೊಂದು ಕ್ಯಾಪು.

"ಇವು ನಾಕೂ ನೋಡಾಕ ಒಂದೇ ಅವ. ಆದ್ರ ಒಂದಲ್ಲ," ಎಂದು ಉಸ್ತಾದರು ಮೊದಲ ದಿನವೇ ಹೇಳಿದ್ದರು. "ಈ ರಾಡಿಗೆ ಈ ಕ್ಯಾಪೇ. ಇವಕ್ಕ ನಿಕಾ ಆಗ್ಯದ. ಒಬ್ಬರ ಹೇಣ್ತಿನ್ನ ಇನ್ನೊಬ್ಬರ ಮನಿಗೆ ಕಳಿಸಿದ್ರ ಸಂಸಾರ ನಡೀತದೇನು? ಫ್ಯಾನಿನ ಕಡಿಯಿಂದ ಒಂದು, ಎರಡು, ಮೂರು, ನಾಕು. ತಿಳೀತಾ?"

ಕ್ಯಾಪುಗಳ ಮೇಲಿನ ಅಂಕಿಗಳನ್ನು ಹಿಂದೆ ಯಾರೋ ಕೆಲಸದವರು ಉಜ್ಜಿ ಅಳಿಸಿದ್ದರು. ಬೇರೆ ಮಿಸ್ತ್ರಿಗಳಾದರೆ ಉಳಿಯಿಂದ ಗೀಟು ಹೊಡೆಯುತ್ತಿದ್ದರು. ಉಸ್ತಾದರು ಹೊಡೆಯುತ್ತಿರಲಿಲ್ಲ, "ಬಡದ್ರ ಅದಕ್ಕೂ ನೋವಾಗ್ತದ" ಎನ್ನುತ್ತಿದ್ದರು. ಹಳೆಯ ಧೋತರದ ತುಂಡು ಹಾಸಿ, ಬಿಚ್ಚಿದ ಕ್ರಮದಲ್ಲೇ ನಾಲ್ಕನ್ನೂ ಸಾಲಾಗಿ ಇಡುವುದು ಅವರ ಪದ್ಧತಿ. ಆ ಸಾಲು ಹತ್ತು ದಿನ ನಮ್ಮ ಪಡಸಾಲೆಯ ಕಟ್ಟೆಯ ಮೇಲೆ ಹಾಗೆಯೇ ಇತ್ತು. ಅವ್ವ ಕಸ ಗುಡಿಸುವಾಗಲೂ ಅದನ್ನು ಬಳಸಿ ಹೋಗುತ್ತಿದ್ದಳು.

ನಾನು ಹೇಳುತ್ತಿರುವ ಬೆಳಿಗ್ಗೆ ಎಲ್ಲವನ್ನೂ ಕಟ್ಟುವ ಬೆಳಿಗ್ಗೆ. ಎದ್ದು ಕಟ್ಟೆಯ ಹತ್ತಿರ ಹೋದರೆ ರಾತ್ರಿಯ ಗಾಳಿಗೆ ಧೋತರದ ತುಂಬ ಕೆಂಪು ಧೂಳು, ಕ್ಯಾಪುಗಳ ಮೇಲೆ ಬೇವಿನ ಹೂವು. ಉಸ್ತಾದರು ಬರುವುದರೊಳಗೆ ತೊಳೆದಿಟ್ಟರೆ ಎಷ್ಟು ಖುಷಿಪಡುತ್ತಾರೆ ಎಂದುಕೊಂಡೆ. ನಿಕಾದ ಮಾತು ನನಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ಬಹಳ ಜಾಗ್ರತೆ ಮಾಡಿದೆ. ಅಡುಗೆಮನೆಯಿಂದ ನಾಲ್ಕು ಸ್ಟೀಲಿನ ಬಟ್ಟಲು ತಂದೆ. ಡ್ರಾಯಿಂಗ್ ಪುಸ್ತಕದ ದಪ್ಪ ಹಾಳೆ ಕತ್ತರಿಸಿ, ಕಾನ್ವೆಂಟಿನ ದುಂಡು ಅಕ್ಷರದಲ್ಲಿ 1, 2, 3, 4 ಎಂದು ಬರೆದು, ಬಟ್ಟಲಿಗೊಂದು ಚೀಟಿ ಅಂಟಿಸಿದೆ. ಸಾಲಿನ ಎಡತುದಿಯಿಂದ ಒಂದೊಂದೇ ಕ್ಯಾಪು ಎತ್ತಿ, ತೊಳೆದು, ಒರೆಸಿ, ಕ್ರಮವಾಗಿ ಬಟ್ಟಲಿಗೆ ಹಾಕಿದೆ. ಒಂದರದು ಇನ್ನೊಂದಕ್ಕೆ ಹೋಗದ ಹಾಗೆ, ಉಸಿರು ಬಿಗಿಹಿಡಿದು.

ಉಸ್ತಾದರು ಬಂದು ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ ಅಪ್ಪನನ್ನು ಕರೆದು ತೋರಿಸಿದರು.

"ನೋಡ್ರಿ ಭೀಮಣ್ಣ. ನಲವತ್ತು ವರ್ಷದಾಗ ನನಗ ಇಂಥಾ ಅಸಿಸ್ಟೆಂಟ್ ಸಿಕ್ಕಿದ್ದಿಲ್ಲ."

ಕ್ರ್ಯಾಂಕು ತನ್ನ ಜಾಗದಲ್ಲಿ ಕೂತಿತು. ಅದನ್ನು ಹಿಡಿಯುವ ದೊಡ್ಡ ಬೋಲ್ಟುಗಳನ್ನು ಬಿಗಿದು ಉಸ್ತಾದರು ಕೈಯಿಂದ ತಿರುಗಿಸಿದರು. ಬೆಣ್ಣೆಯ ಮೇಲೆ ಬೆರಳಾಡಿಸಿದ ಹಾಗೆ ಸದ್ದಿಲ್ಲದೆ ತಿರುಗಿತು. ಅಪ್ಪ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಕಾಂಪೌಂಡಿನ ಆಚೆ ಪಕ್ಕದ ಮನೆಯ ಶರಣಪ್ಪ ಕಾಕಾ ಕೂಡ ಬಂದು ಗೋಡೆಗೆ ಮೊಳಕೈ ಊರಿದರು. ಹತ್ತಿ ಮಾರ್ಕೆಟ್ಟಿನಲ್ಲಿ ಗುಮಾಸ್ತರಾಗಿದ್ದ ಅವರು ಎಲ್ಲರ ಕೆಲಸವನ್ನೂ ನೋಡಿಯೇ ತಮ್ಮ ಕೆಲಸಕ್ಕೆ ಹೋಗುತ್ತಿದ್ದುದು.

ಉಸ್ತಾದರು '1' ಚೀಟಿಯ ಬಟ್ಟಲಿನಿಂದ ಕ್ಯಾಪು ತೆಗೆದು ಫ್ಯಾನಿನ ಕಡೆಯ ರಾಡಿಗೆ ಕೂರಿಸಿ ಬಿಗಿದರು. ತಿರುಗಿಸಿದರು. ಸ್ವಲ್ಪ ಭಾರ. "ಹೊಸಾ ಬೇರಿಂಗ್," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಎರಡನೆಯದು ಬಿಗಿದ ಮೇಲೆ ಎರಡೂ ಕೈ ಬೇಕಾಯಿತು. ಮೂರನೆಯದು ಬಿಗಿದಾಗ ಕ್ರ್ಯಾಂಕು ನಿಂತೇಬಿಟ್ಟಿತು. ಅಪ್ಪ ಕೈಹಾಕಿದರೂ ಅಲುಗಲಿಲ್ಲ.

"ಜಾಮ್ ಆತೇನ್ರಿ ಉಸ್ತಾದ್?" ಗೋಡೆಯ ಮೇಲಿನಿಂದ ಶರಣಪ್ಪ ಕಾಕಾ ಕೇಳಿದರು. "ನಾ ಮೊದ್ಲ ಹೇಳಿದ್ದೆ ಭೀಮಣ್ಣಗ, ಸ್ಟೇಷನ್ ರೋಡಿಗೆ ಒಯ್ಯಿ ಅಂತ."

ಉಸ್ತಾದರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಬೇರಿಂಗಿನ ಕಾಗದದ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು, ಅದರ ಮೇಲಿನ ನಂಬರನ್ನು ತುಟಿಯಲ್ಲೇ ಓದಿದರು. ಎರಡು ದಿನದಲ್ಲಿ ಹೊಸ ಬೇರಿಂಗ್ ಮತ್ತೆ ಎಲ್ಲಿಂದ ತರುವುದು, ಮದುವೆಯವರಿಗೆ ಏನು ಹೇಳುವುದು ಎಂಬ ಯೋಚನೆ ಅಪ್ಪನ ಮುಖದಲ್ಲಿ ಬರೆದಿತ್ತು.

"ಭೀಮಣ್ಣ, ಎಣ್ಣಿ ಚೇಂಬರ್ ಮುಚ್ಚೋ ಮುಂದ ಹಚ್ಚಾಕ ಶೆಲ್ಯಾಕ್ ಬೇಕ್ರಿ. ತಂದುಬಿಡ್ರಿ ಹೋಗಿ," ಎಂದರು ಉಸ್ತಾದರು.

ಆ ಶೆಲ್ಯಾಕ್ ಅಂಟಿನ ತುಂಬಿದ ಶೀಶೆ ಅವರ ಚೀಲದಲ್ಲಿ ಇದ್ದುದನ್ನು ನಾನು ನೋಡಿದ್ದೆ. ಅಪ್ಪ ಸೈಕಲ್ಲು ಹತ್ತಿದ. ಶರಣಪ್ಪ ಕಾಕಾನಿಗೂ ಮಾರ್ಕೆಟ್ಟಿನ ಹೊತ್ತಾಗಿತ್ತು. ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಹೂವು ಒಂದೊಂದೇ ಇಂಜಿನ್ನಿನ ಮೇಲೆ ಬೀಳುತ್ತಿತ್ತು, ಉಸ್ತಾದರು ಅವನ್ನು ಊದಿ ಹಾರಿಸುತ್ತ ಕುಳಿತರು. ಆಮೇಲೆ ಉಳಿದೊಂದು ಬಟ್ಟಲನ್ನು ಎತ್ತಿ ಚೀಟಿ ನೋಡಿದರು.

"ಬೇಟಿ, ಧೋತರದ ಮ್ಯಾಲಿಂದ ಎತ್ತೋ ಮುಂದ ಯಾವ ಕಡಿಯಿಂದ ಎಣಿಸಿದಿ?"

ನಾನು ಎಡಗೈ ಎತ್ತಿ ತೋರಿಸಿದೆ. ಇದೆಂಥ ಪ್ರಶ್ನೆ ಎನ್ನಿಸಿತು. ಒಂದು ಎನ್ನುವುದು ಶುರುವಾಗುವುದೇ ಆ ಕಡೆಯಿಂದ ಅಲ್ಲವೇ?

ಅವರು ಕಣ್ಣು ಮುಚ್ಚಿದರು. ಮುಖದ ಮೇಲಿನ ಬಿಗಿ ಎಲ್ಲ ಸಡಿಲವಾಗಿ, ಗಡ್ಡದೊಳಗೆ ನಗು ಮೂಡಿತು. ಜೇಬಿನಿಂದ ಸಾಮಾನಿನ ಪಟ್ಟಿಯ ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ಅವರೇ ಉರ್ದುವಿನಲ್ಲಿ ಬರೆದದ್ದು. ಬಲದಿಂದ ಎಡಕ್ಕೆ.

"ನಂದು ಆ ಕಡಿಯಿಂದ ಬೇಟಿ. ಬರಿಯೋದೂ ಅಲ್ಲಿಂದ, ಇಡೋದೂ ಅಲ್ಲಿಂದ."

ನಾಲ್ಕೂ ಉಲ್ಟಾ. ಬಿಗಿದ ಮೂರೂ ತಪ್ಪು ಮನೆಗೆ ಹೋಗಿದ್ದವು. ನಾನು ಅಳಲು ಶುರುಮಾಡುವ ಮೊದಲೇ ಅವರು ಬೋಲ್ಟು ಸಡಿಲಿಸುತ್ತಿದ್ದರು.

"ಅಳಬ್ಯಾಡ. ತಪ್ಪು ನಂದೇ ಅದ. ನಾ ಕೇಳಿ ಹಾಕಬೇಕಿತ್ತು. ಅಕ್ಷರ ಅಷ್ಟು ಚಂದ ಇದ್ವು, ಕೇಳಾಕ ಮನಸ ಬರ್ಲಿಲ್ಲ."

ಬೇರಿಂಗಿಗೆ ಏನೂ ಆಗಿರಲಿಲ್ಲ. ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರಿ ನೋಡಿದರು. ಒಂದೊಂದು ಕ್ಯಾಪನ್ನೂ ಅದರದರ ರಾಡಿಗೆ ಕೂರಿಸಿ ಬಿಗಿದು, ಪ್ರತಿಸಲವೂ ತಿರುಗಿಸಿದರು. ನಾಲ್ಕನೆಯದು ಬಿಗಿದ ಮೇಲೆ ನನ್ನ ಕೈ ಹಿಡಿದು ಕ್ರ್ಯಾಂಕಿನ ಮೇಲಿಟ್ಟರು. ಬೀಸುಕಲ್ಲಿನ ಗೂಟ ಹಿಡಿದ ಹಾಗೆ ಹಿಡಿದು ತಿರುಗಿಸಿದೆ. ತಿರುಗಿತು. ಒಳಗೆ ಎಲ್ಲೋ ಎಣ್ಣೆಯ ಸಣ್ಣ ಪಿಚಿಪಿಚಿ. ಅಷ್ಟು ದೊಡ್ಡ ಕಬ್ಬಿಣ ನನ್ನ ಅಂಗೈಯ ಮಾತು ಕೇಳುತ್ತಿತ್ತು. ಈಗಲೂ ಕೆಲವು ಸಲ ಅಡುಗೆಮನೆಯಲ್ಲಿ ಏನನ್ನಾದರೂ ತಿರುವುತ್ತ ನಿಂತಾಗ ಆ ಭಾರ, ಆ ನುಣುಪು ಕೈಗೆ ಬಂದು ಹೋಗುತ್ತದೆ.

ಅಪ್ಪ ಶೆಲ್ಯಾಕು ತಂದ. ಕ್ರ್ಯಾಂಕು ತಿರುಗಿಸಿ ನೋಡಿದ. ಮುಖ ಅರಳಿತು.

"ಏನಾಗಿತ್ರಿ ಉಸ್ತಾದ್?"

ಉಸ್ತಾದರು ನನ್ನ ಕಡೆ ನೋಡಲಿಲ್ಲ. "ಕಣ್ಣಿಗೆ ಮೋಸ ಆತ್ರಿ. ಒಂದರ ಕ್ಯಾಪ್ ಇನ್ನೊಂದಕ್ಕ ಹಾಕಿಬಿಟ್ಟಿದ್ದೆ. ವಯಸ್ಸಾತು ನೋಡ್ರಿ," ಎಂದು ಹಗುರಾಗಿ ನಕ್ಕು, ನೀರು ಕೇಳಿ ಕುಡಿದರು.

ನಾನು ಕಂಬ ಹಿಡಿದು ನಿಂತಿದ್ದೆ. ಮಾರಲ್ ಸೈನ್ಸ್ ಪರೀಕ್ಷೆಯಲ್ಲಿ ನನಗೆ ಯಾವಾಗಲೂ ತರಗತಿಗೇ ಹೆಚ್ಚು ಅಂಕ ಬರುತ್ತಿತ್ತು. ಬಾಯಿ ತೆರೆದರೆ ಎರಡೇ ಮಾತು. ತೆರೆಯಲಿಲ್ಲ. ಇಷ್ಟಕ್ಕೆ ಮುಗಿಯಿತಲ್ಲ, ಯಾರೂ ಬೈಯಲಿಲ್ಲವಲ್ಲ ಎಂಬ ಸಮಾಧಾನವೇ ದೊಡ್ಡದಾಗಿತ್ತು.

ಮೂರನೇ ದಿನ ಕಾರು ಮೊದಲ ಸಲಕ್ಕೇ ಚಾಲೂ ಆಯಿತು. ಬಾಗಿಲು ಬಡಿಯುವ ಸದ್ದು ಹೋಗಿತ್ತು. ದೇವದುರ್ಗದ ಮದುಮಗಳು ಅದರಲ್ಲೇ ಮಾನ್ವಿಗೆ ಹೋದಳು. ಆಮೇಲೆ ಎಷ್ಟೋ ವರ್ಷ ಆ ಕೆಳಗಿನ ಅರ್ಧವನ್ನು ಯಾರೂ ಬಿಚ್ಚುವ ಪ್ರಸಂಗ ಬರಲಿಲ್ಲ. ಆದರೆ ಕಾರು ಓಡಿದ ಸುದ್ದಿಗಿಂತ ಮುಂಚೆ ಸ್ಟ್ಯಾಂಡಿನ ಡ್ರೈವರುಗಳಿಗೆ ಹೋಗಿ ಮುಟ್ಟಿದ್ದು ಉಸ್ತಾದರು ಕ್ಯಾಪು ಉಲ್ಟಾ ಹಾಕಿದ ಸುದ್ದಿ. ತಾನೇ ಒಪ್ಪಿಕೊಂಡನಂತೆ ಎಂದು ಅದಕ್ಕೊಂದು ಬಾಲವೂ ಸೇರಿತ್ತು. ಈ ಗಾಡಿ ಓಡಿದರೆ ಬರುತ್ತಾರೆ ಎಂದು ಅವರು ಎಣಿಸಿದ್ದ ಗಿರಾಕಿಗಳು ಬರಲಿಲ್ಲ. ಮುಂದಿನ ವರ್ಷ ಬ್ರೇಕಿನ ಕೆಲಸಕ್ಕೆ ಅಪ್ಪನೇ ಸ್ಟೇಷನ್ ರಸ್ತೆಗೆ ಹೋದ. ಉಸ್ತಾದರು ಅಳಿಯನ ಸೈಕಲ್ ಅಂಗಡಿಯ ಮುಂದೆ ಕುಳಿತು ಟ್ಯೂಬಿಗೆ ಪಂಕ್ಚರ್ ಹಾಕತೊಡಗಿದರು.

ಅದು ನನ್ನ ಶಾಲೆಯ ದಾರಿ. ಕಂಡಾಗಲೆಲ್ಲ ನೀರಿನ ಬೋಗುಣಿಯಿಂದ ತಲೆಯೆತ್ತಿ, "ಯಾವ ಕಡಿಯಿಂದ ಬೇಟಿ?" ಎನ್ನುತ್ತಿದ್ದರು. ನಾನು ಬಲಗೈ ಎತ್ತುತ್ತಿದ್ದೆ. ಅವರು ನಗುತ್ತಿದ್ದರು. ಹೈಸ್ಕೂಲಿಗೆ ಬಂದ ಮೇಲೆ ಗೆಳತಿಯರ ಜೊತೆ ಹೋಗುವಾಗ ನನಗೆ ನಾಚಿಕೆಯಾಗತೊಡಗಿತು. ಆ ಅಂಗಡಿ ಬಂದಾಗ ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದೆ. ಅವರು ಕೇಳುವುದನ್ನು ಬಿಟ್ಟರು. ಒಂದು ದಿನ ಅಲ್ಲಿ ಬೇರೆಯವರು ಕುಳಿತಿದ್ದರು.

ಅಪ್ಪನಿಗೆ ಹೇಳಿದ್ದು ನನ್ನ ಮದುವೆಯಾಗಿ ಎರಡು ಮಕ್ಕಳಾದ ಮೇಲೆ. ಯರಗೇರಾದಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ, "ಅವತ್ತ ಹೇಳಬೇಕಿತ್ತಲ್ಲವ್ವ" ಎಂದ. ಅಷ್ಟೇ.

ನಮ್ಮ ಮನೆಯ ಕಾರು ಈಗ ಗಾಜಿನ ಗೋಡೆಯ ದೊಡ್ಡ ಸರ್ವೀಸ್ ಸೆಂಟರಿಗೆ ಹೋಗುತ್ತದೆ. ತಂಪು ಸೋಫಾದ ಮೇಲೆ ಕೂರಿಸಿ ಕಾಫಿ ಕೊಡುತ್ತಾರೆ. ಏನೇನು ಬದಲಿಸಿದೆವು ಎಂದು ಫೋನಿಗೆ ಬರುತ್ತದೆ. ಅಲ್ಲಿ ಯಾರ ಕೈಯಿಂದಲೂ ತಪ್ಪಾಗುವುದಿಲ್ಲ, ತಪ್ಪಾದರೂ ಅದು ಯಾರದೆಂದು ನಮಗೆ ತಿಳಿಯುವುದಿಲ್ಲ. ಗಾಜಿನಾಚೆ ಕೆಲಸ ಮಾಡುವವರ ಹೆಸರು ನನಗೆ ಗೊತ್ತಿಲ್ಲ, ನನ್ನ ಬೆರಳು ಸಣ್ಣವೋ ದಪ್ಪವೋ ಅವರಿಗೆ ಗೊತ್ತಿಲ್ಲ. ಹೊಸ ಇಂಜಿನ್ನಿನ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಮುಟ್ಟಿದರೆ ಡಬ್ಬಿ ಮುಟ್ಟಿದ ಹಾಗೆ. ಹಳೆಯ ಕಾಲವೇ ಚೆಂದ ಎಂದು ನಾನು ಹೇಳಲಾರೆ. ಮುತ್ತುಗದ ಎಲೆಯನ್ನು ನಾನು ಮರೆತಿಲ್ಲ. ಆದರೆ ಒಂದು ಮಗುವಿನ ತಪ್ಪನ್ನು ತನ್ನ ಹೆಸರಿಗೆ ಬರೆದುಕೊಂಡು, ನೀರು ಕುಡಿದು, ಚೀಲ ಹೆಗಲಿಗೇರಿಸಿ ಹೋಗುವವರನ್ನು ಆಮೇಲೆ ನಾನು ಕಾಣಲಿಲ್ಲ. ಆ ಹೆಸರನ್ನು ಸರಿಮಾಡಬಹುದಾಗಿದ್ದ ಹೊತ್ತು ನನಗೆ ಸಿಕ್ಕಿತ್ತು. ಒಂದಲ್ಲ, ಎರಡು ಸಲ.

ಎರಡನೆಯದು, ಕ್ಯಾಪು ಉಲ್ಟಾ ಆದ ಅದೇ ದಿನದ ಸಂಜೆ. ಕಾದ ಫರ್ಸಿಗೆ ಅವ್ವ ನೀರು ಹೊಡೆದಿದ್ದಳು. ಹಬೆಯೇಳುತ್ತಿತ್ತು. ಅಪ್ಪ ಮಂಚ ಹೊರಗೆ ಹಾಕಿ ಕುಳಿತಿದ್ದ, ನಾನು ಅವನ ಪಕ್ಕ ಕಾಲಾಡಿಸುತ್ತ ಕುಳಿತಿದ್ದೆ. ಮಾರ್ಕೆಟ್ಟಿನಿಂದ ಬಂದ ಶರಣಪ್ಪ ಕಾಕಾ ಗೋಡೆಯಾಚೆ ಶೇಂಗಾ ಸುಲಿಯುತ್ತ ನಿಂತು, ನಡೆದದ್ದನ್ನೆಲ್ಲ ಅಪ್ಪನಿಂದ ಕೇಳಿಸಿಕೊಂಡರು. ಸಿಪ್ಪೆ ಊದಿ, ಒಳಗೆ ಹೋಗಲು ತಿರುಗಿದವರು ನನ್ನನ್ನು ನೋಡಿ ನಕ್ಕರು.

"ಹುಡುಗಿ ಅಷ್ಟು ಚಂದ ನಂಬರ್ ಬರದು ಇಟ್ಟಿತ್ತು, ಅದನ್ನ ನೋಡಿ ಹಾಕಾಕೂ ಆಗ್ಲಿಲ್ಲ ನೋಡು ಮುದುಕಗ. ಕಾನ್ವೆಂಟಿಗೆ ಹಾಕಿದ್ದು ಚೊಲೋ ಆತು ಬಿಡು ಭೀಮಣ್ಣ."